ಎರಡನೇ ಟ್ಯೂಬಿನ ರಕ್ತ

"ಹೌದು ಅನ್ನಿ, ಇಲ್ಲಾಂದ್ರೆ ಇಲ್ಲ ಅನ್ನಿ. ಎರಡರಲ್ಲಿ ಒಂದು ಹೇಳಿಬಿಡಿ ಡಾಕ್ಟ್ರೇ," ಎಂದಳು ಸಬ್ ಇನ್ಸ್‌ಪೆಕ್ಟರ್ ಜಬೀನ್. ಕುರ್ಚಿಯ ತುದಿಗೆ ಬಂದು ಕುಳಿತಿದ್ದಳು. ಮುಂದಿಟ್ಟಿದ್ದ ಕಾಫಿ ಆಗಲೇ ಕೆನೆಗಟ್ಟಿತ್ತು.

ಡಾಕ್ಟರ್ ಸಂಹಿತಾ ಕನ್ನಡಕ ತೆಗೆದು ದುಪಟ್ಟಾದ ಅಂಚಿನಿಂದ ಒರೆಸಿಕೊಂಡಳು. "ಹಾಗೆ ಹೇಳೋಕೆ ಬರಲ್ಲ ಮೇಡಂ. ಸಾಧ್ಯತೆ ತುಂಬಾ ಕಡಿಮೆ ಅಂತ ಬೇಕಾದ್ರೆ ಹೇಳ್ತೀನಿ."

"ಯಾವುದರ ಸಾಧ್ಯತೆ?"

"ಈ ಎರಡು ಟ್ಯೂಬ್‌ನಲ್ಲಿರೋದು ಒಬ್ಬರದೇ ರಕ್ತ ಆಗಿರೋ ಸಾಧ್ಯತೆ."

 ಜಬೀನ್ ಚಿಕ್ಕಬಳ್ಳಾಪುರದ ಈ ಲ್ಯಾಬಿಗೆ ಬಂದದ್ದು ಒಂದೇ ಕೆಲಸಕ್ಕೆ. ಸತ್ತ ಮುನಿಗಂಗಪ್ಪನ ರಕ್ತದ ಸ್ಯಾಂಪಲ್ ಇಲ್ಲಿ ಫ್ರಿಜ್ಜಿನಲ್ಲಿದೆ, ಹೆಣದಿಂದ ತೆಗೆದಿಟ್ಟ ಸ್ಯಾಂಪಲ್ ಜೊತೆ ಹೋಲಿಸಲು ಅದನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಬೇಕು. ಅದಕ್ಕಾಗಿ ಕೋರ್ಟಿನಿಂದ ಆದೇಶ ತರುವಷ್ಟರಲ್ಲಿ ಚಪ್ಪಲಿ ಸವೆದಿತ್ತು. ಈಗ ನೋಡಿದರೆ ಈ ಹುಡುಗಿ ಯಾವ ಟ್ಯೂಬ್ ಕೊಡಲಿ ಎಂದು ಕೇಳುತ್ತಿದ್ದಾಳೆ!

ಮುನಿಗಂಗಪ್ಪ ಎಂದರೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಂದು ಕಾಲಕ್ಕೆ ಹರಾಜು ಕೂಗುತ್ತಿದ್ದವನು. ಎಪ್ಪತ್ತು ದಾಟಿದ ಒಂಟಿ ಜೀವ. ಸಂಹಿತಾಳ ತಂಡ ಹಿರಿಯರಿಗೆ ಫ್ಲೂ ಲಸಿಕೆ ಹಾಕಿ, ಅದು ಮೈಯಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂದು ನೋಡುವ ಅಧ್ಯಯನ ನಡೆಸುತ್ತಿತ್ತು. ಮುದುಕ ತಾನಾಗಿಯೇ ಬಂದು ಸೇರಿದ್ದ. ಮೊದಲ ಸಲ ಬಂದಾಗ ರಕ್ತ ತೆಗೆದು ಲಸಿಕೆ ಹಾಕಿದ್ದರು. ಕೆಲವು ವಾರ ಬಿಟ್ಟು ಕರೆಸಿ ಮತ್ತೆ ರಕ್ತ ತೆಗೆದಿದ್ದರು. ಅದಾದ ಮೇಲೆ ಅವನನ್ನು ಯಾರೂ ಕಂಡಿರಲಿಲ್ಲ. ಸ್ಕಂದಗಿರಿಯ ತಪ್ಪಲಿನ ಪಾಳುಬಿದ್ದ ಕಲ್ಲು ಕ್ವಾರಿಯ ಹೊಂಡದಲ್ಲಿ ಹೆಣ ತೇಲಿದಾಗ, ಅವನ ತಮ್ಮನ ಮಗ ವರದರಾಜ ಬಂದು ಇದು ನಮ್ಮ ದೊಡ್ಡಪ್ಪ ಎಂದು ಗುರುತು ಹೇಳಿದ. ಮುಖ ಕಲ್ಲಿಗೆ ಬಡಿದು, ಮೈ ಊದಿ ಕೊಳೆತು, ಗುರುತಾಗಲಿ ವಯಸ್ಸಾಗಲಿ ತಿಳಿಯದಂತಾಗಿತ್ತು. ಅದೇ ಸಂಜೆ ಸಂಸ್ಕಾರವೂ ಮುಗಿದಿತ್ತು.

ಎರಡನೇ ಸಲ ಅವನನ್ನು ಕ್ಯಾಂಪಿಗೆ ಆಟೋದಲ್ಲಿ ಕರೆತಂದು ವಾಪಸು ಬಿಟ್ಟವನು ಫೈಜಾನ್. ಕೊನೆಯ ಬಾರಿ ಮುದುಕನ ಜೊತೆ ಇದ್ದವನು ನೀನೇ ತಾನೆ ಎಂದು ಡಿವೈಎಸ್‌ಪಿ ಸಾಹೇಬರ ತಂಡ ಆ ಹುಡುಗನನ್ನೇ ಒಳಗೆ ಹಾಕಿತ್ತು. ಅಷ್ಟು ಅವಸರದಲ್ಲಿ ಸಂಸ್ಕಾರ ಮುಗಿಸಿದ ವರದರಾಜನ ಮೇಲೆ ಜಬೀನ್‌ಗೆ ಅನುಮಾನವಿದ್ದರೂ ಏನೂ ಮಾಡುವಂತಿರಲಿಲ್ಲ. ಎರಡನೇ ಕ್ಯಾಂಪಿನ ಹಿಂದಿನ ದಿನವೇ ಅವನು ರೇಷ್ಮೆ ವ್ಯಾಪಾರಕ್ಕೆಂದು ಧರ್ಮಾವರಕ್ಕೆ ಹೋಗಿದ್ದ. ಹೆಣ ಸಿಕ್ಕ ಮೇಲೆಯೇ ವಾಪಸಾಗಿದ್ದ.

"ಬಿಡಿಸಿ ಹೇಳಿ," ಎಂದಳು ಜಬೀನ್. "ನಾನು ಬಿಕಾಂ. ನನಗೆ ಅರ್ಥ ಆಗೋ ಹಾಗೆ ಹೇಳಿ."

ಸಂಹಿತಾ ಎರಡೂ ಟ್ಯೂಬುಗಳನ್ನು ಮೇಜಿನ ಮೇಲಿನ ಸ್ಟ್ಯಾಂಡಿನಲ್ಲಿ ಅಕ್ಕಪಕ್ಕ ನಿಲ್ಲಿಸಿದಳು. ಎರಡರಲ್ಲೂ ತಿಳಿಹಳದಿ ದ್ರವ. ನೋಡಲು ಒಂದೇ.

"ಫ್ಲೂ ಅಂದ್ರೆ ಒಂದೇ ವೈರಸ್ ಅಲ್ಲ ಮೇಡಂ. ಕಾಲಕ್ಕೊಂದು ಥರ ಬರುತ್ತೆ. ಯಾವುದು ಬಂದು ಹೋದ್ರೂ ಅದಕ್ಕೆ ತಕ್ಕ ಪ್ರತಿಕಾಯಗಳು, ಅಂದ್ರೆ ಆಂಟಿಬಾಡಿಗಳು, ರಕ್ತದಲ್ಲಿ ಉಳೀತವೆ. ಅದರಲ್ಲೂ ಚಿಕ್ಕಂದಿನಲ್ಲಿ ಬಂದ ಫ್ಲೂ ಇದೆಯಲ್ಲ, ಅದನ್ನ ಮೈ ಸಾಯೋವರೆಗೂ ಮರೆಯಲ್ಲ. ಐವತ್ತೇಳರಲ್ಲಿ ಒಂದು ಹೊಸ ಫ್ಲೂ ಪ್ರಪಂಚಾನೆಲ್ಲ ಸುತ್ತಿತ್ತು. ಅರವತ್ತೆಂಟರ ಹೊತ್ತಿಗೆ ಜನರ ಮಧ್ಯದಿಂದ ಪೂರ್ತಿ ಹೋಗಿಬಿಡ್ತು. ಆಮೇಲೆ ಹುಟ್ಟಿದೋರಿಗೆ ಅದು ತಗಲೋ ಅವಕಾಶವೇ ಇಲ್ಲ."

"ನಮ್ಮ ಮುದುಕ ಆವಾಗ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದ."

"ಹಾಂ. ಮೊದಲನೇ ಟ್ಯೂಬ್‌ನಲ್ಲಿ ಆ ಫ್ಲೂ ಗುರುತು ಜೋರಾಗಿದೆ. ಎರಡನೇದರಲ್ಲಿ ಏನೇನೂ ಇಲ್ಲ."

"ಕರಗಿ ಹೋಗಿರಬಹುದಲ್ಲ?"

"ಇಷ್ಟು ವರ್ಷ ಉಳಿದಿದ್ದು ಕೆಲವೇ ವಾರದಲ್ಲಿ ಹೋಗಲ್ಲ ಮೇಡಂ. ಇನ್ನೊಂದು, ನಾವು ಹಾಕಿದ ಲಸಿಕೆಗೆ ಎರಡನೇ ರಕ್ತದಲ್ಲಿ ಪ್ರತಿಕಾಯ ಏರಬೇಕಿತ್ತು. ಏರಿಲ್ಲ. ಆದ್ರೆ ಅದೊಂದನ್ನೇ ನಂಬೋ ಹಾಗಿಲ್ಲ. ವಯಸ್ಸಾದೋರಲ್ಲಿ ಲಸಿಕೆ ಒಂದೊಂದು ಸಲ ಸರಿಯಾಗಿ ಹಿಡಿಯೋದಿಲ್ಲ."

"ಅಂದ್ರೆ ಎರಡನೇ ಸಲ ಬಂದು ಕೈ ಚಾಚಿದೋನು ಮುನಿಗಂಗಪ್ಪ ಅಲ್ಲ."

"ಅಷ್ಟು ಖಚಿತವಾಗಿ…"

"ಡಾಕ್ಟ್ರೇ!"

"ಅಲ್ಲ ಅಂತಲೇ ಅನ್ಸುತ್ತೆ," ಎಂದಳು ಸಂಹಿತಾ ಸಣ್ಣ ದನಿಯಲ್ಲಿ. "ಆದ್ರೆ ನಾನು ಹೇಳ್ದೆ ಅಂತ ಬರ್ಕೋಬೇಡಿ."

ಜಬೀನ್ ಹಣೆ ಒತ್ತಿಕೊಂಡಳು. ಹೆಣ ನೀರಿನಲ್ಲಿ ನಿಮ್ಮ ಲೆಕ್ಕಕ್ಕಿಂತ ಜಾಸ್ತಿ ದಿನ ಇದ್ದಂತಿದೆ ಎಂದು ಪೋಸ್ಟ್‌ಮಾರ್ಟಂ ಮಾಡಿದ ವೈದ್ಯರು ಅಂದೇ ಹೇಳಿದ್ದರು. ಬಿಸಿಲಿಗೆ ಬೇಗ ಕೊಳೆತಿರುತ್ತೆ ಬಿಡ್ರೀ ಎಂದು ಸಾಹೇಬರು ಅದನ್ನು ತಳ್ಳಿಹಾಕಿದ್ದರು. ಮುದುಕ ಎರಡನೇ ಕ್ಯಾಂಪಿಗೆ ಮೊದಲೇ ಸತ್ತಿದ್ದರೆ ವರದರಾಜನ ಧರ್ಮಾವರದ ಕಥೆಗೆ ಮೂರು ಕಾಸಿನ ಬೆಲೆಯಿಲ್ಲ. ಆದರೆ ಆಗ ಫೈಜಾನ್ ಆಟೋದಲ್ಲಿ ಕೂರಿಸಿಕೊಂಡು ಬಂದದ್ದು ಯಾರನ್ನು? ಅವನು ಯಾಕೆ ಸುಳ್ಳು ಹೇಳುತ್ತಿದ್ದಾನೆ? ವರದರಾಜನನ್ನು ಹಿಡಿಯುವ ಸಾಕ್ಷಿಯೇ ಆ ಹುಡುಗನ ಕತ್ತಿಗೂ ಹಗ್ಗ ಹಾಕುವಂತಿತ್ತು.

ಹೊರಗೆ ವರಾಂಡದಲ್ಲಿ ಆಶಾ ಕಾರ್ಯಕರ್ತೆ ಅಮ್ಮಾಜಮ್ಮ ಬೆಂಚಿನ ಮೇಲೆ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದಳು. ಕ್ಯಾಂಪಿಗೆ ಬಂದವರ ಹೆಸರು, ಆಧಾರ್ ನೋಡಿ ಒಳಗೆ ಬಿಟ್ಟಿದ್ದವಳು ಅವಳೇ.

"ಎರಡನೇ ಸಲ ಬಂದಿದ್ದು ಮುನಿಗಂಗಪ್ಪನೇನಾ? ಮುಖ ನೋಡಿದ್ರಾ?"

"ನೋಡ್ದೆ ಇರ್ತೀನಾ ಮೇಡಂ? ಆಧಾರ್ ತಂದಿದ್ದ."

"ಆಧಾರ್ ಬಿಡಿ. ಮುಖ."

"ಮಾಸ್ಕ್ ಹಾಕಿದ್ದ. ಮಂಕಿ ಕ್ಯಾಪು ಇತ್ತು. ಕೆಮ್ಮು ಅಂದ. ಹತ್ರ ಹೋಗ್ಬೇಡ ಅಂತ ನೀವೇ ತಾನೆ ಕೊರೋನಾ ಟೈಮಲ್ಲಿ ಎಲ್ಲರಿಗೂ ಹೊಡೆದೂ ಬಡಿದೂ ಕಲಿಸಿದ್ದು?"

"ಅಂದ್ರೆ ಕಣ್ಣು ಬಿಟ್ಟು ಬೇರೇನೂ ನೋಡಿಲ್ಲ."

"ಕಣ್ಣು ಮುನಿಗಂಗಪ್ಪಂದೇ ಇದ್ದಂಗಿತ್ತು," ಎಂದಳು ಅಮ್ಮಾಜಮ್ಮ ಸ್ವಲ್ಪವೂ ಅಳುಕದೆ. "ಅವನ್ನ ಕರೆಸೋಕೆ ನಾನು ಪಟ್ಟ ಪಾಡು ನಿಮಗೇನು ಗೊತ್ತು? ದಿನಾ ಫೋನು. ಬರ್ತೀನಮ್ಮ, ಬರ್ತೀನಮ್ಮ ಅಂತಾನೆ, ಬರಲ್ಲ. ಇವತ್ತು ಬರ್ಲಿಲ್ಲಾಂದ್ರೆ ಡಾಕ್ಟ್ರನ್ನ, ನರ್ಸನ್ನ ಎಲ್ಲಾರ್ನೂ ನಿನ್ನ ಮನೆ ಬಾಗಿಲಿಗೆ ಕರ್ಕೊಂಬರ್ತೀನಿ ಅಂದೆ. ಆವಾಗ ಬಂದ."

"ಫೋನಲ್ಲಿ ಮಾತಾಡಿದ್ದು ಅವನೇನಾ?"

"ಆ ಗಂಟಲು ಇನ್ಯಾರಿಗಿದೆ ಮೇಡಂ? ಫೋನ್ ಕಿವಿಯಿಂದ ಮೊಳ ದೂರ ಹಿಡ್ಕೊಂಡು ಮಾತಾಡ್ತಿದ್ದೆ."

ಜಬೀನ್ ಅಲ್ಲೇ ನಿಂತುಬಿಟ್ಟಳು. ಈಗಷ್ಟೇ ಸರಿಯಾಗಿ ಕೂತಿದ್ದ ಲೆಕ್ಕ ಮತ್ತೆ ಕದಡಿತು. ಎರಡನೇ ಕ್ಯಾಂಪಿನ ದಿನ ಬೆಳಿಗ್ಗೆ ಮುದುಕ ಫೋನಿನಲ್ಲಿ ಮಾತಾಡಿದ್ದಾನೆ. ಅಂದರೆ ಬದುಕಿದ್ದ. ಬದುಕಿದ್ದವನು ತನ್ನ ಬದಲಿಗೆ ಬೇರೆ ಯಾರನ್ನೋ ಯಾಕೆ ಕಳಿಸಿದ?

ಡಿವೈಎಸ್‌ಪಿ ಸಾಹೇಬರಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡರು. ಅದು ಒಳ್ಳೆಯ ಲಕ್ಷಣವಲ್ಲ ಎಂದು ಅವಳಿಗೆ ಗೊತ್ತಿತ್ತು.

"ಅಲ್ರೀ ಜಬೀನ್, ಶುಕ್ರವಾರ ಚಾರ್ಜ್‌ಶೀಟ್ ಹಾಕ್ಬೇಕು. ಜಡ್ಜ್ ಮುಂದೆ ನಿಂತ್ಕೊಂಡು ಐವತ್ತೇಳನೇ ಇಸವಿ ನೆಗಡಿ ಕಥೆ ಹೇಳ್ತೀರಾ?"

"ಡಿಎನ್‌ಎ ಬರೋವರೆಗಾದ್ರೂ ತಡೀರಿ ಸರ್."

"ಡಿಎನ್‌ಎ ಕ್ಯೂ ನಿಮಗೂ ಗೊತ್ತು, ನನಗೂ ಗೊತ್ತು. ಅದು ಬರೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ. ಆ ಲ್ಯಾಬ್ ಹುಡುಗಿ ಬರೆದು ಕೊಡ್ತಾಳಾ?"

"ಸಾಧ್ಯತೆ ಕಡಿಮೆ ಅಂತ ಬರೆದು ಕೊಡ್ತಾಳೆ."

ಆ ಕಡೆಯಿಂದ ನಗುವಿನಂಥದ್ದೇನೋ ಕೇಳಿಸಿತು. ಫೋನ್ ಕಟ್ಟಾಯಿತು.

"ಯಾ ಅಲ್ಲಾ," ಎಂದು ಜಬೀನ್ ಜೀಪಿನ ಬಾನೆಟ್ಟಿಗೆ ಒಂದು ಗುದ್ದಿದಳು. ಡ್ರೈವರ್ ಸೀಟಿನಲ್ಲಿ ತೂಕಡಿಸುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಬಯ್ಯಪ್ಪ ಬೆಚ್ಚಿಬಿದ್ದು ಸೆಲ್ಯೂಟ್ ಹೊಡೆದ.

"ಮೇಡಂ! ಮೇಡಂ!" ಸಂಹಿತಾ ಚಪ್ಪಲಿ ಕೂಡ ಸರಿಯಾಗಿ ಹಾಕಿಕೊಳ್ಳದೆ ಓಡಿಬರುತ್ತಿದ್ದಳು. "ಇನ್ನೊಂದು ವಿಷಯ ಇದೆ. ಹೇಳಬಹುದೋ ಇಲ್ವೋ ಗೊತ್ತಿಲ್ಲ. ಇದಕ್ಕೂ ಕೇಸಿಗೂ ಸಂಬಂಧ ಇಲ್ಲದೇನೂ ಇರಬಹುದು."

"ಹೇಳಿ ತಾಯಿ. ಬೇಗ ಹೇಳಿ."

"ನಾವು ಜನರ ಫ್ಲೂ ಮಾತ್ರ ನೋಡಲ್ಲ. ಈ ಕಡೆ ಕೋಳಿ ಫಾರಂ ಜಾಸ್ತಿ ಅಂತ ಕೋಳಿಗಳಿಗೆ ಬರೋ ಫ್ಲೂನೂ ಪರೀಕ್ಷೆಯಲ್ಲಿ ಸೇರಿಸಿದ್ವಿ. ಎರಡನೇ ಟ್ಯೂಬ್‌ನಲ್ಲಿ ಅದರ ಪ್ರತಿಕಾಯ ಇದೆ. ಚೆನ್ನಾಗೇ ಇದೆ. ಅವರಿಗೆ ಜ್ವರ ಬಂದಿದ್ದೂ ಗೊತ್ತಾಗಿರಲ್ಲ. ಆದ್ರೆ ವರ್ಷಗಟ್ಟಲೆ ಕೋಳಿ ಮಧ್ಯೆ ಇದ್ದೋರಿಗೆ ಬಿಟ್ರೆ ಬೇರೆಯವರಲ್ಲಿ ನಾವು ಇದನ್ನ ನೋಡೋದು ಅಪರೂಪ."

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ನೀವು ಹೌದು, ಇಲ್ಲ ಎರಡರಲ್ಲಿ ಒಂದು ಹೇಳಿ ಅಂದ್ರಲ್ಲ," ಎಂದಳು ಸಂಹಿತಾ.

ಜಬೀನ್ ಜೀಪು ಹತ್ತಿದಳು. ಕೋಳಿ ಸಾಕುವವನು! ಈ ಜಿಲ್ಲೆಯಲ್ಲಿ ಕಲ್ಲೆಸೆದರೆ ಕೋಳಿ ಶೆಡ್ಡಿನ ಮೇಲೆ ಬೀಳುತ್ತದೆ. ಎಲ್ಲರ ತೋಳಿಗೂ ಸೂಜಿ ಚುಚ್ಚುತ್ತಾ ಹೋಗುವುದೆ? ಆದರೆ ಆ ಮನುಷ್ಯ ಬಂದದ್ದು ಫೈಜಾನನ ಆಟೋದಲ್ಲಿ. ಫೈಜಾನ್‌ಗೆ ಗೊತ್ತಿರುವವನೇ ಆಗಿರಬೇಕು. ಫೈಜಾನನ ತಾಯಿ ಹಫೀಜಾ ಶಿಡ್ಲಘಟ್ಟದ ಬಸ್ ಸ್ಟ್ಯಾಂಡ್ ಹಿಂದೆ ಸಣ್ಣದೊಂದು ಬಿರಿಯಾನಿ ಹೋಟೆಲ್ ಇಟ್ಟುಕೊಂಡಿದ್ದಳು.

ಜಬೀನ್ ಅವಳಿಗೆ ಫೋನ್ ಮಾಡಿ ಉರ್ದುವಿನಲ್ಲಿ ಕೇಳಿದಳು, ನಿಮ್ಮ ಹೋಟೆಲಿಗೆ ಕೋಳಿ ಹಾಕುವುದು ಯಾರು ಖಾಲಾ ಎಂದು. ಮಗನ ಬಗ್ಗೆ ಏನೋ ಸುದ್ದಿ ಎಂದುಕೊಂಡು ಎತ್ತಿದ ಹಫೀಜಾ, ಕೋಳಿಯ ವಿಷಯ ಕೇಳಿ ಅಳಲು ಶುರುಮಾಡಿದಳು. ಅವಳು ಸಮಾಧಾನವಾಗುವವರೆಗೂ ಕಾಯಬೇಕಾಯಿತು. ಮಂಚೇನಹಳ್ಳಿಯ ಆವಲಪ್ಪ ಎಂದಳು ಕೊನೆಗೆ. ಒಳ್ಳೆಯ ಮನುಷ್ಯ. ಗೂಡಿನ ಮಾರುಕಟ್ಟೆಯಲ್ಲಿ ಮೊದಲು ಮುನಿಗಂಗಪ್ಪನ ಕೈಕೆಳಗೇ ಇದ್ದವನು. ಹೋಟೆಲಿಗೆ ಅವನನ್ನು ಗೊತ್ತುಮಾಡಿಕೊಟ್ಟಿದ್ದೂ ಮುನಿಗಂಗಪ್ಪನೇ. ನಮ್ಮ ಫೈಜಾನನ್ನ ಸ್ಕೂಲಿಗೆ ಸೇರಿಸಿದ್ದೂ ಆ ಅಜ್ಜನೇ, ಅಂಥವರನ್ನು ನನ್ನ ಮಗ ಕೊಲ್ತಾನೇನಮ್ಮ ಎಂದು ಮತ್ತೆ ಅಳತೊಡಗಿದಳು.

ಗೌರಿಬಿದನೂರಿನ ರಸ್ತೆಯಲ್ಲಿ ಮುಂದೊಂದು ದ್ರಾಕ್ಷಿ ಲಾರಿ, ಅದರ ಮುಂದೊಂದು ಟ್ರ್ಯಾಕ್ಟರು. ಎರಡೂ ದಾರಿ ಬಿಡಲಿಲ್ಲ. ಬಯ್ಯಪ್ಪ ಹಾರ್ನ್ ಒತ್ತಿದ. ಟ್ರ್ಯಾಕ್ಟರಿನವನು ಹಿಂತಿರುಗಿ ನೋಡಿ ಕೈ ಬೀಸಿದ.

"ಟಾಟಾ ಮಾಡ್ತಾನಲ್ಲ ಮೇಡಂ!"

"ನೀನೂ ಮಾಡು," ಎಂದಳು ಜಬೀನ್ ಹಲ್ಲು ಕಚ್ಚಿ.

ಆವಲಪ್ಪನ ಫಾರಂ ಮಂಚೇನಹಳ್ಳಿಯಿಂದ ಆಚೆ, ಮುಸುಕಿನ ಜೋಳದ ಹೊಲಗಳ ನಡುವೆ ಇತ್ತು. ಉದ್ದನೆಯ ಎರಡು ಶೆಡ್ಡು, ಕೊನೆಗೆ ಫೀಡ್ ಮೂಟೆ ಇಡುವ ಕೋಣೆ. ವಾಸನೆ ರಸ್ತೆಗೇ ಬಂದು ಎದುರುಗೊಂಡಿತು. ಆವಲಪ್ಪ ಭತ್ತದ ಹೊಟ್ಟು ಕೆದಕುತ್ತಾ ಕೋಳಿಗಳ ನಡುವೆ ನಿಂತಿದ್ದ. ಐವತ್ತರ ಆಚೆಈಚೆಯವನು, ಆದರೆ ಗಡ್ಡ ಪೂರ್ತಿ ಬೆಳ್ಳಗಿತ್ತು. ಮಂಕಿ ಕ್ಯಾಪು, ಮಾಸ್ಕು ಹಾಕಿದರೆ ಎಪ್ಪತ್ತರವನು ಎನ್ನಲು ಅಡ್ಡಿಯಿರಲಿಲ್ಲ.

"ಏನಮ್ಮ, ಇಷ್ಟು ದೂರ?" ಎಂದ.

"ಚಿಕ್ಕಬಳ್ಳಾಪುರದ ಲಸಿಕೆ ಕ್ಯಾಂಪಿಗೆ ಹೋಗಿದ್ರಲ್ಲ, ಯಾರ ಹೆಸರಲ್ಲಿ?"

"ಲೇದಮ್ಮ… ಇಲ್ಲಮ್ಮ. ಕೋಳಿ ಬಿಟ್ಟು ನಾನೆಲ್ಲಿಗೂ ಹೋಗಲ್ಲ."

"ನಿಮ್ಮ ರಕ್ತ ಅಲ್ಲಿದೆ."

"ನಾನು ಯಾರಿಗೂ ರಕ್ತ ಕೊಟ್ಟಿಲ್ಲ."

"ಅದರಲ್ಲಿ ಕೋಳಿ ಜ್ವರದ ಗುರುತು ಸಿಕ್ಕಿದೆ ಆವಲಪ್ಪ. ಮುನಿಗಂಗಪ್ಪ ಜೀವಮಾನವೆಲ್ಲ ಗೂಡಿನ ಮಧ್ಯೆ ಬದುಕಿದೋನು, ಕೋಳಿ ಮಧ್ಯೆ ಅಲ್ಲ. ಈಗ ಇನ್ನೊಂದು ಸಲ ನಿಮ್ಮ ರಕ್ತ ತೆಗೆಸ್ತೀನಿ. ಎರಡೂ ಒಂದೇ ಆದ್ರೆ ಏನು ಮಾಡ್ತೀರಿ?"

ಈ ಮಾತಿನಲ್ಲಿ ಎಷ್ಟು ಕೋರ್ಟಿನಲ್ಲಿ ನಿಲ್ಲುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಸಂಹಿತಾ ಪಕ್ಕದಲ್ಲಿದ್ದಿದ್ದರೆ ನಾಲ್ಕು ಸಲ ತಿದ್ದಿರುತ್ತಿದ್ದಳು. ಆವಲಪ್ಪ ಕೈಯಲ್ಲಿದ್ದ ಕುಂಟೆಯನ್ನು ಗೋಡೆಗೆ ಒರಗಿಸಿದ. ಅದು ಜಾರಿ ಬಿತ್ತು. ಎತ್ತಿ ಮತ್ತೆ ಒರಗಿಸಿದ.

"ಫೈಜಾನ್ ಜೈಲಲ್ಲಿದಾನೆ," ಎಂದಳು ಜಬೀನ್. "ಶುಕ್ರವಾರ ಕೊಲೆ ಕೇಸು ಕೋರ್ಟಿಗೆ ಹೋಗುತ್ತೆ. ನಿಮ್ಮನ್ನ ಕರ್ಕೊಂಡು ಹೋಗಿದ್ದು ಅಂತ ಅವನು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಅಜ್ಜನ್ನೇ ಕರ್ಕೊಂಡು ಹೋದೆ, ಅಜ್ಜನ್ನೇ ವಾಪಸ್ ಬಿಟ್ಟೆ ಅಂತಾನೆ. ಅವನ ತಾಯಿ ಅನ್ನ ಬಿಟ್ಟಿದಾಳೆ. ನೀವು ಇಲ್ಲಿ ಹೊಟ್ಟು ಕೆದಕ್ತಾ ಇದೀರಿ."

"ಬಿಟ್ಟುಬಿಡ್ತಾರೆ ಅಂದ್ಕೊಂಡಿದ್ದೆ ಮೇಡಂ. ಏನೂ ಮಾಡಿಲ್ಲ ಅಂದ್ರೆ ಬಿಡ್ತಾರಲ್ವಾ?"

"ಯಾರು ಕೊಂದಿದ್ದು ಮುನಿಗಂಗಪ್ಪನ್ನ?"

"ಯಾರೂ ಕೊಂದಿಲ್ಲಮ್ಮ."

"ಹಾಗಾದ್ರೆ ತಾನಾಗೇ ಹೋಗಿ ಹೊಂಡದಲ್ಲಿ…"

"ಆವಲಾ! ಯಾರೋ ಅದು?"

ಫೀಡ್ ಕೋಣೆಯ ಒಳಗಿಂದ ಬಂದ ಆ ದನಿಗೆ ಶೆಡ್ಡಿನ ಕೋಳಿಗಳೆಲ್ಲ ಒಂದು ಸಲ ರೆಕ್ಕೆ ಬಡಿದವು. ಬಯ್ಯಪ್ಪನ ಕೈಯಲ್ಲಿದ್ದ ಲಾಠಿ ಕೆಳಗೆ ಬಿತ್ತು. ಬಾಗಿಲಲ್ಲಿ ತೆಳ್ಳಗೆ, ಎತ್ತರಕ್ಕೆ, ಹೆಗಲ ಮೇಲೊಂದು ಟವಲ್ ಹಾಕಿಕೊಂಡ ಮುದುಕನೊಬ್ಬ ಕಣ್ಣು ಕಿರಿದು ಮಾಡಿ ನಿಂತಿದ್ದ. ಜಬೀನ್ ಅವನನ್ನು ಫೋಟೋದಲ್ಲಿ ಅದೆಷ್ಟು ಸಲ ನೋಡಿದ್ದಳೋ.

ಕೇಸ್ ಡೈರಿಯಲ್ಲಿ ಈ ಮನುಷ್ಯನ ಹೆಸರಿನ ಹಿಂದೆ ಮೃತ ಎಂದು ಬರೆದೂ ಬರೆದೂ ಅವಳ ಕೈ ಸೋತಿತ್ತು. ಇವನಿಗಾಗಿ ಊರೂರು ಅಲೆದು, ಇವನ ಬೂದಿಯ ಎದುರು ನಿಂತು, ಇವನ ರಕ್ತಕ್ಕಾಗಿ ಕೋರ್ಟಿಗೆ ಅಲೆದಿದ್ದಳು. ಇವನು ಇಲ್ಲಿ ಒಲೆ ಮೇಲೆ ಟೀ ಇಟ್ಟುಕೊಂಡಿದ್ದ! ಮೊದಲು ಬಂದದ್ದು ಸಂತೋಷವಲ್ಲ, ಕೋಪ. ಆ ಟೀ ಪಾತ್ರೆಯನ್ನು ಎತ್ತಿ ಹೊರಗೆ ಎಸೆಯಬೇಕೆನಿಸುವಷ್ಟು ಕೋಪ.

"ನೀವು ಸತ್ತಿದೀರಿ," ಎಂದಳು ಕೊನೆಗೆ.

"ಹಂಗಂತ ಯಾರಮ್ಮ ಹೇಳಿದ್ದು?"

"ನಿಮ್ಮ ವರದರಾಜ. ಹೊಂಡದಲ್ಲಿ ಸಿಕ್ಕಿದ ಹೆಣ ನಿಮ್ಮದು ಅಂತ ಗುರುತು ಹೇಳಿ, ಸುಟ್ಟೂ ಆಯ್ತು. ನಿಮ್ಮನ್ನ ಕೊಂದ ಅಂತ ಫೈಜಾನ್ ಜೈಲಲ್ಲಿದಾನೆ."

ಮುನಿಗಂಗಪ್ಪ ಆವಲಪ್ಪನ ಕಡೆ ತಿರುಗಿದ. ಆವಲಪ್ಪ ನೆಲ ನೋಡುತ್ತಿದ್ದ.

"ಫೈಜಾನ್ ಜೈಲಲ್ಲಿದಾನಾ? ನಿನಗೆ ಗೊತ್ತಿತ್ತೇನೋ?"

"ಹೇಳಿದ್ರೆ ನೀನು ಎದ್ದು ಹೊರಟುಬಿಡ್ತಿದ್ದೆ ಅಣ್ಣ. ಹೋದ್ರೆ ವರದ ನಿನ್ನ ಉಳಿಸ್ತಿದ್ನಾ? ಸತ್ತಿದಾನೆ ಅಂದ್ಕೊಂಡ್ರೆ ಯಾರೂ ಹುಡುಕ್ಕೊಂಡು ಬರಲ್ಲ ಅಂತ ನಾನೇ ಸುಮ್ಮನಿದ್ದೆ."

ಮುದುಕ ಫೀಡ್ ಮೂಟೆಯೊಂದರ ಮೇಲೆ ಕುಸಿದು ಕುಳಿತ. ಊರಿಗೇ ಕೇಳಿಸುವ ಗಂಟಲು ಈಗ ಪಕ್ಕದವರಿಗೂ ಕೇಳಿಸದಷ್ಟು ಇಳಿದಿತ್ತು. "ಆ ಮಗೂಗೆ ನಾನು ಏನೂ ಹೇಳಿರ್ಲಿಲ್ಲಮ್ಮ. ಯಾರು ಕೇಳಿದ್ರೂ ನನ್ನನ್ನೇ ಕರ್ಕೊಂಡು ಹೋದೆ ಅನ್ನು ಅಂದಿದ್ದೆ, ಅಷ್ಟೆ. ಅಷ್ಟಕ್ಕೇ ಜೈಲಿಗೆ ಹೋಗಿ ಕೂತಿದಾನೆ ನೋಡು. ಆ ಅಮ್ಮಾಜಮ್ಮ ಮನೆ ಬಾಗಿಲಿಗೇ ಬರ್ತೀನಿ ಅಂತ ಬೆದರ್ಸಿದ್ಲು. ಬಂದು ನೋಡಿದ್ರೆ ನಾನು ಮನೇಲಿಲ್ಲ ಅಂತ ಊರಿಗೆಲ್ಲ ಗೊತ್ತಾಗ್ತಿತ್ತು. ಅದಕ್ಕೇ ಇವನ್ನ ಕಳಿಸ್ದೆ. ಆಮೇಲೆ ಫೋನೂ ಮುರಿದು ಹಾಕ್ದೆ."

"ಮನೆ ಬಿಟ್ಟು ಯಾಕೆ ಬಂದ್ರಿ? ಆ ಹೊಂಡದಲ್ಲಿದ್ದ ಹೆಣ ಯಾರದು?"

ಮುನಿಗಂಗಪ್ಪ ಟವಲಿನಿಂದ ಮುಖ ಒರೆಸಿಕೊಂಡ. ಒರೆಸುತ್ತಲೇ ಇದ್ದ.

"ವರದನಿಗೆ ಒಬ್ಬ ತಮ್ಮ ಇದಾನೆ ಅಚ್ಯುತ ಅಂತ. ಬೆಂಗಳೂರಲ್ಲಿ ಕಾರು ಓಡಿಸ್ಕೊಂಡು ಇದ್ದ. ಲಸಿಕೆ ಹಾಕಿಸ್ಕೊಂಡು ಬಂದು ಒಂದು ವಾರ ಆಗಿತ್ತೇನೋ. ಒಂದು ದಿನ ಬಂದು, ದೊಡ್ಡಪ್ಪ, ನಿನ್ನ ಹತ್ರ ಒಂದು ಮಾತಾಡ್ಬೇಕು ಬಾ ಅಂತ ಕ್ವಾರಿ ಕಡೆ ಕರ್ಕೊಂಡ್ಹೋದ. ಹೊಂಡದ ಅಂಚಲ್ಲಿ ನಿಂತಿದ್ವಿ. ಹಿಂದಿಂದ ಕತ್ತಿಗೆ ಕೈ ಹಾಕಿದ. ನಾನು ತೋಳು ಹಿಡ್ಕೊಂಡು ಎಳೆದೆ. ನೂಕಿದ್ನೋ, ಅವನೇ ಜಾರಿದ್ನೋ, ಈಗಲೂ ಗೊತ್ತಿಲ್ಲಮ್ಮ. ಕಲ್ಲಿನ ಮೇಲೆ ಬಿದ್ದು ಆಮೇಲೆ ನೀರಿಗೆ ಹೋದ. ನಾನು ಎತ್ತಿ ಆಡಿಸಿದ ಮಗು ಅದು."

ಆವಲಪ್ಪ ತಲೆಯೆತ್ತಿದ. ಅವನ ಬಾಯಿ ತೆರೆದೇ ಇತ್ತು. ಈ ಮಾತನ್ನು ಅವನೂ ಈಗಲೇ ಕೇಳುತ್ತಿದ್ದ ಎಂದು ಜಬೀನ್‌ಗೆ ಗೊತ್ತಾಯಿತು.

"ಸ್ಟೇಷನ್‌ಗೆ ಯಾಕೆ ಬರ್ಲಿಲ್ಲ?"

"ಬಂದು ಏನಂತ ಹೇಳ್ಲಿ? ತಮ್ಮನ ಮಗನ್ನ ನಾನೇ ಹೊಂಡಕ್ಕೆ ಹಾಕ್ದೆ ಅನ್ಲಾ? ಯಾರು ನಂಬ್ತಾರೆ? ಕತ್ತಿಗೆ ಕೈ ಹಾಕೋವಾಗ ಅವನು ಅಳ್ತಿದ್ದ ಕಣಮ್ಮ. ಅಣ್ಣ ಹೇಳಿದಾನೆ ದೊಡ್ಡಪ್ಪ, ಅಣ್ಣ ಹೇಳಿದಾನೆ ಅಂತಿದ್ದ. ವರದನಿಗೆ ನಾನು ಏನು ಮಾಡಿದ್ದೆ? ನನಗೆ ಗೊತ್ತಿಲ್ಲ. ಅದು ಗೊತ್ತಾಗೋವರೆಗೂ ಬದುಕಿರ್ಬೇಕು ಅಂತ ಇಲ್ಲಿ ಬಂದು ಬಿದ್ದೆ. ಆವಲನಿಗೂ ಇಷ್ಟು ಹೇಳಿರ್ಲಿಲ್ಲ. ವರದ ನನ್ನ ಹುಡುಕ್ತಾ ಇದಾನೆ, ಅಡಗಿಸಿಡು ಅಂದೆ, ಅಷ್ಟೆ." ಅವನು ಜಬೀನಳ ಮುಖವನ್ನೇ ನೋಡಿದ. "ತಮ್ಮ ಕಾಣ್ತಿಲ್ಲ ಅಂತ ವರದ ನಿಮ್ಮ ಹತ್ರ ಬಂದಿಲ್ವಾ?"

ಬಂದಿರಲಿಲ್ಲ. ಯಾವ ಠಾಣೆಗೂ ಬಂದಿರಲಿಲ್ಲ. ತಮ್ಮನನ್ನು ಕಳಿಸಿದವನಿಗೆ ತಮ್ಮ ವಾಪಸು ಬರಲಿಲ್ಲ ಎಂದು ಗೊತ್ತು. ಎರಡನೇ ಕ್ಯಾಂಪಿಗೆ ದೊಡ್ಡಪ್ಪ ಹೋಗಿದ್ದಾನೆ ಎಂಬ ಸುದ್ದಿಯೂ ಸಿಕ್ಕಿರುತ್ತದೆ. ಹೊಂಡದಲ್ಲಿ ತೇಲಿದ್ದು ಯಾರೆಂದು ಊಹಿಸಲು ಅವನಿಗೆ ಮುಖ ನೋಡುವ ಅಗತ್ಯವೇ ಇರಲಿಲ್ಲ. ಆದರೂ ಕಣ್ಣಲ್ಲಿ ನೀರು ತಂದುಕೊಂಡು, ಸ್ವಂತ ತಮ್ಮನನ್ನು ದೊಡ್ಡಪ್ಪನ ಹೆಸರಲ್ಲಿ ಸುಟ್ಟು ಬಂದಿದ್ದ.

ಯಾಕೆ?

ಉತ್ತರ ಹೊಳೆದಾಗ ಜಬೀನ್ ರಸ್ತೆಯ ಕಡೆ ತಿರುಗಿ ನೋಡಿದಳು. ಮುನಿಗಂಗಪ್ಪ ಸರ್ಕಾರದ ಪ್ರಕಾರ ಸತ್ತಿದ್ದಾನೆ. ಅವನನ್ನು ಕೊಂದವನೂ ಸಿಕ್ಕಿ ಜೈಲಿನಲ್ಲಿದ್ದಾನೆ. ಒಮ್ಮೆ ಸತ್ತವನನ್ನು ಇನ್ನೊಮ್ಮೆ ಕೊಂದರೆ ಕೇಳುವವರು ಯಾರು?

"ಬಯ್ಯಪ್ಪ, ಜೀಪು ಇಲ್ಲಿಗೇ ತಗೊಂಬಾ. ಅಜ್ಜನ್ನ ಈಗಲೇ ಕರ್ಕೊಂಡು ಹೊರಡಣ. ನೀವು ಇಲ್ಲಿರೋದು ಬೇರೆ ಯಾರಿಗೆ ಗೊತ್ತು?"

"ಇವನಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲಮ್ಮ," ಎಂದ ಮುನಿಗಂಗಪ್ಪ.

 ಆವಲಪ್ಪನ ಕೈ ಅಂಗಿಯ ಜೇಬಿಗೆ ಹೋಗಿ, ಹೊರಬಂದು, ಮತ್ತೆ ಹೋಯಿತು.

"ಏನು ಆವಲಪ್ಪ?"

"ಅಚ್ಯುತ ಸತ್ತಿಲ್ಲ ಮೇಡಂ. ಹೆಂಗೆ ಸಾಯ್ತಾನೆ?" ಅವನು ಫೋನನ್ನು ಹೊರತೆಗೆದ. "ಇವತ್ತು ಬೆಳಿಗ್ಗೆ ತಾನೆ ನನಗೆ ಮೆಸೇಜ್ ಮಾಡಿದಾನೆ."

ಜಬೀನ್ ಅವನ ಕೈಯಿಂದ ಫೋನನ್ನು ಕಿತ್ತುಕೊಂಡಳು. ಅಚ್ಯುತನ ಹೆಸರು, ಅಚ್ಯುತನ ಫೋಟೋ. ಕನ್ನಡದಲ್ಲೇ ಟೈಪ್ ಮಾಡಿದ ಒಂದು ಸಾಲು: ದೊಡ್ಡಪ್ಪ ಬದುಕಿದಾರೆ ಅಂತ ನನ್ನ ಮನಸ್ಸು ಹೇಳ್ತಿದೆ ಆವಲಣ್ಣ, ನಿನ್ನ ಹತ್ರ ಏನಾದ್ರೂ ಇದಾರಾ? ಸತ್ತವನ ಫೋನು ಅಣ್ಣನ ಕೈಯಲ್ಲಲ್ಲದೆ ಇನ್ಯಾರ ಕೈಯಲ್ಲಿರುತ್ತದೆ?

"ಪಾಪ, ಚಿಕ್ಕೋನು, ದೊಡ್ಡಪ್ಪ ಅಂದ್ರೆ ಪ್ರಾಣ ಬಿಡೋನು," ಆವಲಪ್ಪ ಈಗ ಅಳುತ್ತಿದ್ದ. "ವರದನಿಗೆ ಗೊತ್ತಾಗಬಾರ್ದು ಅಂತ ಇತ್ತೇ ಹೊರತು, ಅವನಿಗೂ ಹೇಳ್ಬಾರ್ದು ಅಂತ ನನಗೆ ಹೆಂಗೆ ಗೊತ್ತಾಗ್ಬೇಕು ಮೇಡಂ?"

"ನೀವೇನಂತ ಕಳಿಸಿದ್ರಿ?"

ಆವಲಪ್ಪ ಮುದುಕನ ಕಡೆ ನೋಡಲಿಲ್ಲ.

"ಇದಾರೆ, ಬಂದು ನೋಡ್ಕೊಂಡು ಹೋಗು ಅಂತ ಹಾಕ್ದೆ."